ಹಿಕ್ಕಿ ಕಡೆಯ ಆಟ

ಹುಕ್ಕೇರಿಯ ಆ ಪಡಸಾಲೆಯಲ್ಲಿ ನಾನು ಎಷ್ಟು ಹೊತ್ತು ಕೂತಿರಬಹುದು ಎಂಬುದನ್ನು ಬುದ್ಧಿಬಳದ ಆಟ ತೀರ್ಮಾನಿಸುತ್ತಿತ್ತು. ಸೋತ ಕೂಡಲೇ ಎದ್ದು ಚಪ್ಪಲಿ ಮೆಟ್ಟಬೇಕು. ಈಗಿನವರು ಚೆಸ್ ಅನ್ನುತ್ತಾರೆ, ನನ್ನ ವಯಸ್ಸಿನವರ ಬಾಯಲ್ಲಿ ಇನ್ನೂ ಬುದ್ಧಿಬಳವೇ. ಆ ಮನೆ ನನ್ನ ಹೆಂಡತಿಯ ತಮ್ಮನದು. ಪಡಸಾಲೆಯಲ್ಲಿ ನಾವಿಬ್ಬರು, ನಡುವೆ ಹಲಗೆ. ಒಳಗೆ ಅಡಿಗೆಮನೆಯಲ್ಲಿ ನನ್ನ ಹೆಂಡತಿ. ಅವಳು ನನ್ನನ್ನು ಬಿಟ್ಟು ಅಲ್ಲಿಗೆ ಬಂದಿದ್ದಳು. ಅವಳ ಹತ್ತಿರ ನನಗೆ ಒಂದು ಮಾತು ಆಡುವುದಿತ್ತು. ಆ ಒಂದು ಮಾತಿಗಾಗಿ ಮೂಡಲಗಿಯಿಂದ ಗೋಕಾಕಕ್ಕೆ, ಗೋಕಾಕದಿಂದ ಹುಕ್ಕೇರಿಗೆ ಬಸ್ಸು ಬದಲಿಸಿ ಪ್ರತಿ ರವಿವಾರ ಹೋಗುತ್ತಿದ್ದೆ.

ಅವಳು ಬಿಟ್ಟು ಬಂದದ್ದು ತಪ್ಪಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕಲ್ಲೋಳಿಯಲ್ಲಿ ನನ್ನ ಚಿಕ್ಕಪ್ಪನ ಮಗನ ಮನೆಯಲ್ಲಿ ನಿಶ್ಚಯ ಕಾರ್ಯ ಇತ್ತು. ನಾನು ಕುಡಿದು ಹೋಗಿದ್ದೆ. ಕಾರ್ಖಾನೆಯ ತೂಕದ ಮನೆಯಲ್ಲಿ ಕಬ್ಬಿನ ಗಾಡಿಗಳ ಚೀಟಿ ಬರೆಯುತ್ತಿದ್ದಾಗ ಸಂಜೆಗೆ ಮಾತ್ರ ಇದ್ದ ಚಟ, ನಿವೃತ್ತಿಯಾದ ಮೇಲೆ ಹಗಲಿಗೂ ಹಬ್ಬಿತ್ತು. ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು ಹುಡುಗಿಯ ಉಡಿ ತುಂಬುತ್ತಿದ್ದರು. ನನ್ನ ಹೆಂಡತಿಯೂ ಅಕ್ಕಿ ಕೊಬ್ಬರಿ ಹಿಡಿದು ಮುಂದೆ ಹೋದಳು. ಗಂಡಸರ ಜಮಖಾನೆಯ ಮೇಲಿಂದ ನಾನು ಕೂಗಿದೆ, “ಆ ಬಂಜಿ ಕೈಲೆ ಉಡಿ ತುಂಬಸಬ್ಯಾಡ್ರಿ!”

ಯಾರೋ ಒಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಅವಳು ಅಕ್ಕಿಯನ್ನು ತಟ್ಟೆಗೆ ವಾಪಸು ಸುರಿದು, ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ತಮ್ಮನ ಮೋಟಾರು ಸೈಕಲ್ಲಿನ ಹಿಂದೆ ಕೂತು ಹುಕ್ಕೇರಿಗೆ ಹೋದಳು. ನಾನು ಊಟ ಮಾಡಿದೆ. ಹೋಳಿಗೆ ಇನ್ನೊಂದು ಹಾಕಿಸಿಕೊಂಡೆ.

ಇಷ್ಟೇ ಆಗಿದ್ದರೆ ಕುಡುಕನ ಬಾಯಿ ಎಂದು ಜನ ಬಿಡುತ್ತಿದ್ದರು, ನಾನೂ ಹಾಗೆಂದುಕೊಂಡು ಬದುಕುತ್ತಿದ್ದೆ. ಆದರೆ ಅದು ಸುಳ್ಳು ಎಂಬುದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಮದುವೆಯಾಗಿ ಕೆಲವು ವರ್ಷಕ್ಕೆ ಗೋಕಾಕದ ಡಾಕ್ಟರು ನಮ್ಮಿಬ್ಬರನ್ನೂ ತಪಾಸಣೆ ಮಾಡಿ, ದೋಷ ನನ್ನಲ್ಲಿದೆ ಎಂದು ನಮ್ಮಿಬ್ಬರ ಎದುರಿಗೇ ಹೇಳಿದ್ದರು. ಮರಳುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಅವಳೇ ಅಂದಳು, “ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನಂದ ಅಂತ ತಿಳ್ಕೊಳ್ಳಲಿ. ಹೆಂಗಸ್ರು ಅಂತಾರ, ಬಿಡ್ತಾರ.” ಹೆಂಗಸರು ಅಂದರು, ಬಿಡಲಿಲ್ಲ. ನನ್ನ ಅವ್ವ, ಕಲ್ಲೋಳಿಯ ಚಿಕ್ಕಮ್ಮ ಇಬ್ಬರೂ ಅವಳನ್ನು ಯಾವ ಯಾವುದೋ ದೇವರಿಗೆ ಕರೆದೊಯ್ದರು. ಅವಳು ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕಿದಳು, ಉಪವಾಸ ಮಾಡಿದಳು. ತಂದ ಪ್ರಸಾದವನ್ನು ನಾನು ತಿಂದೆ.

ಕುಡಿತ ಬಿಟ್ಟದ್ದನ್ನು ದೊಡ್ಡದು ಮಾಡಿ ಬರೆಯಲಾರೆ. ಅವಳ ಮುಂದೆ ನಿಂತು ಕ್ಷಮೆ ಕೇಳಬೇಕಾದರೆ ಬಾಯಿ ನಾರಬಾರದು, ಅಷ್ಟಕ್ಕೆ ಬಿಟ್ಟೆ. ಮೊದಲ ಸಲ ಹುಕ್ಕೇರಿಗೆ ಹೋದಾಗ ಹೆಂಡತಿಯ ತಮ್ಮ ಬಾಗಿಲಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದ. ಹೆಂಡತಿಯ ತಮ್ಮನನ್ನು ನಮ್ಮಲ್ಲಿ ಅಳಿಯಾ ಅನ್ನುತ್ತೇವೆ, ಅವನು ನನ್ನನ್ನು ಮಾಮಾ ಅನ್ನುತ್ತಾನೆ.

“ಮಾಮಾ, ಆಟಕ್ಕ ಬಂದ್ರ ಬರ್ರಿ. ಮಾತಿಗಿ ಬಂದ್ರ ಹಂಗ ಹೊಳ್ಳಿ ಹೋಗ್ರಿ.”

“ಆಟಕ್ಕ ಬಂದೇನಿ ಅಳಿಯಾ,” ಅಂದೆ.

ಅವನಿಗೂ ಆಡುವ ಜನ ಉಳಿದಿರಲಿಲ್ಲ. ಅವರದು ಕುರಿ ಕಾಯುವ ಮನೆತನ. ಈಗ ಹೊಲವೇ ಹೆಚ್ಚು, ಹಿತ್ತಲಲ್ಲಿ ನಾಲ್ಕಾರು ಕುರಿ ಅಷ್ಟೇ. ಅವರಪ್ಪ ಕುರಿ ಹಿಂದೆ ಊರೂರು ತಿರುಗುತ್ತಿದ್ದಾಗ ನೆಲದ ಮೇಲೆ ಮನೆ ಗೀರಿ, ಮುಂದಿನ ಸಾಲಿನ ಸಿಪಾಯಿಗಳಾದ ಬಿಳಿ ಪ್ಯಾದೆಗಳಿಗೆ ಬೆಣಚುಕಲ್ಲಿನ ಚೂರು, ಕರಿ ಪ್ಯಾದೆಗಳಿಗೆ ಒಣಗಿದ ಕುರಿ ಹಿಕ್ಕಿ ಇಟ್ಟು ಆಡುತ್ತಿದ್ದರಂತೆ. ಆಮೇಲೆ ಮನೆಗೆ ಕಟ್ಟಿಗೆಯ ಕಾಯಿ ಬಂದವು. ಕರಿ ಕಾಯಿಗಳಿಗೆ ಹಿಕ್ಕಿ ಎಂಬ ಹೆಸರು ಮಾತ್ರ ಹೋಗಲಿಲ್ಲ. ಹೊರಗಿನಿಂದ ಬಂದವನು ಹಿಕ್ಕಿ ಕಡೆ ಕೂಡಬೇಕು, ಅದು ಆ ಮನೆಯ ರೂಢಿ. ಮಕ್ಕಳಿಬ್ಬರೂ ಅಪ್ಪನಿಂದಲೇ ಕಲಿತವರು. ಮದುವೆಯಾದ ಹೊಸದರಲ್ಲಿ ನನಗೆ ಈ ಆಟ ಹೇಳಿಕೊಟ್ಟವಳು ನನ್ನ ಹೆಂಡತಿ.

“ಕೂಡ್ರಿ ಮಾಮಾ. ನಿಮ್ಮ ಹಿಕ್ಕಿ ನೀವು ಹಚ್ಚಿಕೊಳ್ರಿ,” ಅಂದ.

ಅಳಿಯನ ಹೆಂಡತಿ ತೀರಿಕೊಂಡು ವರ್ಷಗಳಾಗಿವೆ. ಹಾಗಾಗಿ ಅಡಿಗೆ, ಚಹಾ ಎಲ್ಲ ಅವನ ಅಕ್ಕನ ಕೈಯಲ್ಲಿತ್ತು. ಆಟ ಲಂಬಿಸಿದರೆ ನಡುವೆ ಚಹಾ ಬರುತ್ತದೆ, ತರುವವಳು ಅವಳು. ಚಹಾ ಬರುವವರೆಗೆ ನನ್ನ ರಾಜ ಬದುಕಿದ್ದರೆ ಸಾಕು, ಅವಳ ಮುಖ ನೋಡಿ ನನ್ನ ಮಾತು ಹೇಳಿಬಿಡಬಹುದು. ಆದರೆ ಬದುಕುತ್ತಿರಲಿಲ್ಲ. ಕುಡಿತ ಬಿಟ್ಟ ಹೊಸದರಲ್ಲಿ ಕೈ ನಡುಗುತ್ತಿತ್ತು, ತಲೆ ನಿಲ್ಲುತ್ತಿರಲಿಲ್ಲ. ನಾನು ಮೊದಲಿನಿಂದಲೂ ಮೇಲೆ ಬಿದ್ದು ಆಡುವವನು. ಈಗಿನವರು ರಾಣಿ ಅನ್ನುವ ವಜೀರನನ್ನು ಬೇಗ ಹೊರಗೆ ತಂದು ಎದುರಿನ ರಾಜನಿಗೆ ಶಹಾ ಶಹಾ ಎಂದು ಕೂಗುತ್ತ ಹೋಗಿ, ವಜೀರನನ್ನೇ ಕಳೆದುಕೊಂಡು ಕೂಡುತ್ತಿದ್ದೆ. ಒಳಗೆ ಚಹಾದ ಪಾತ್ರೆ ಒಲೆಗೇರುವ ಮೊದಲೇ ಹೊರಗೆ ನನ್ನ ಆಟ ಮುಗಿದಿರುತ್ತಿತ್ತು.

“ಮುಗೀತ್ರಿ ಮಾಮಾ. ಗೋಕಾಕ ಬಸ್ ಸಿಗ್ತೈತಿ ನೋಡ್ರಿ, ಲಗೂ ನಡೀರಿ.”

ಬಸ್ಸಿನಲ್ಲಿ ಕೂತು ನಾನು ಅತ್ತದ್ದಿದೆ. ಪಕ್ಕದಲ್ಲಿದ್ದವರು ಹಲ್ಲುನೋವೇನ್ರಿ ಎಂದು ಕೇಳಿದ್ದರು. ಹೌದು ಅಂದೆ.

ಗೋಕಾಕದಲ್ಲಿ ಬಸ್ಸು ಬದಲಿಸುವ ಹೊತ್ತಿನಲ್ಲಿ ವಾಚನಾಲಯದ ಕಟ್ಟೆಗೆ ಹೋಗಿ ಕೂಡುತ್ತಿದ್ದೆ. ಅಲ್ಲಿ ನಿವೃತ್ತ ಪಿ.ಟಿ. ಮಾಸ್ತರರೊಬ್ಬರು ಹಲಗೆ ಹಾಸಿಕೊಂಡು ಕಂಡಕಂಡವರನ್ನು ಆಟಕ್ಕೆ ಕರೆಯುತ್ತಿದ್ದರು. ಭಾರಿ ಗಂಟಲು. ಕೊರಳಲ್ಲಿ ಇನ್ನೂ ಸೀಟಿ ಇತ್ತು. ಒಂದು ದಿನ ನಾನಾಗಿಯೇ ಕೇಳಿದೆ, “ಸರ್, ಕರಿ ಕಾಯಿ ಹಿಡಕೊಂಡು ಭಾಳ ಹೊತ್ತು ಸೋಲಲಾರದಂಗ ಇರೂದು ಹೆಂಗ್ರಿ?”

“ಗೆಲ್ಲೂದು ಹೆಂಗ ಅಂತ ಕೇಳ್ರಿ ಯಜಮಾನ್ರ.”

“ಗೆಲ್ಲೂದು ಬ್ಯಾಡ್ರಿ. ಕೂಡೂದು ಆದ್ರ ಸಾಕು.”

ಅವರು ನನ್ನ ಕೈ ನೋಡಿದರು. ನಡುಗುತ್ತಿದ್ದ ಕೈಯನ್ನು ನಾನು ತೊಡೆಯ ಕೆಳಗೆ ಇಟ್ಟುಕೊಂಡೆ. ಮಾಸ್ತರರು ಕಾಯಿ ಹಚ್ಚಿದರು.

ಬಿಳಿಯವನು ರಾಜನ ಮುಂದಿನ ಪ್ಯಾದೆ ತಳ್ಳುತ್ತಾನೆ, ಅದಕ್ಕೆ ಉತ್ತರಗಳು ಬಹಳ ಇವೆ ಎಂದು ಒಂದೊಂದೇ ತೋರಿಸಿದರು. ಮೊದಲನೆಯದರಲ್ಲಿ ಬದಿಯ ಪ್ಯಾದೆಯನ್ನು ಎರಡು ಮನೆ ನೂಕಿ ಸೀದಾ ಜಗಳಕ್ಕೆ ನಿಲ್ಲಬೇಕು. “ಇದು ನಿಮಗಲ್ಲ. ಬಾಯಿಪಾಠ ಭಾಳ. ಒಂದ ಕಡೆ ಮರೆತ್ರ ಮನಿ ಉರದ ಹೋಗ್ತೈತಿ.” ಇನ್ನೊಂದರಲ್ಲಿ ರಾಜನ ಮುಂದಿನ ಪ್ಯಾದೆ ಒಂದು ಮನೆ ಮಾತ್ರ. ಗಟ್ಟಿ ಗೋಡೆಯೇ, ಆದರೆ ವಜೀರನ ಬದಿಯ ಒಂಟೆ, ಈಗಿನವರ ಬಿಷಪ್, ನಮ್ಮದೇ ಪ್ಯಾದೆಯ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. “ಇದ್ರಾಗ ಒಂಟಿ ಮನ್ಯಾಗ ಕೂತು ಮುದುಕ ಆಗ್ತೈತಿ.” ಮೂರನೆಯದು ಒಂಟೆಯ ಮುಂದಿನ ಪ್ಯಾದೆ, ವಜೀರನ ಕಡೆಯದು, ಒಂದು ಮನೆ. ಅದರ ಬಲದ ಮೇಲೆ ಆಮೇಲೆ ವಜೀರನ ಪ್ಯಾದೆ ನಡುಮಧ್ಯಕ್ಕೆ. ಆಮೇಲೆ ಒಂಟೆ ಹೊರಗೆ ಬರಬೇಕು. ಒಂಟೆ ಬಂದ ಮೇಲೆಯೇ ರಾಜನ ಮುಂದಿನ ಪ್ಯಾದೆ ಒಂದು ಮನೆ ಸರಿದು ಬಾಗಿಲು ಹಾಕಿಕೊಳ್ಳಬೇಕು.

“ಮೊದ್ಲ ಒಂಟಿ ಹೊರಗ, ಆಮ್ಯಾಲ ಬಾಗಲಾ. ಇದೊಂದು ಸಾಲು ನೆನಪಿಟ್ಟಗೋರಿ. ಎದುರಿನವ ಏನರ ಕುಣೀಲಿ, ನೀವು ಇಷ್ಟ ಮಾಡ್ರಿ.”

ಅದಕ್ಕೆ ಇಂಗ್ಲಿಷಿನಲ್ಲಿ ಯಾರೋ ಇಬ್ಬರ ಹೆಸರು ಕೂಡಿಸಿ ಇಟ್ಟಿದ್ದಾರಂತೆ, ನನಗೆ ಬೇಕಾಗಲಿಲ್ಲ. ನನಗೆ ಹಿಡಿಸಿದ್ದು ಬೇರೆ. ನಮ್ಮ ಹಳೆಯ ಆಟದಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ, ಎರಡು ಮನೆ ಜಿಗಿಯುವುದಿಲ್ಲ. ಈ ಕಟ್ಟು ಶುರುವಾಗುವುದೇ ಒಂದು ಮನೆಯಿಂದ. ವಜೀರನ ಪ್ಯಾದೆಗೆ ಒಂದು ಸಲದ ಬದಲು ಎರಡು ಸಲ ಕೈ ಹಾಕಬೇಕು, ಅಷ್ಟೇ ವ್ಯತ್ಯಾಸ. ಹುಕ್ಕೇರಿಯ ಹಲಗೆಯ ಮೇಲೂ ಇದನ್ನು ಕಟ್ಟಬಹುದು ಎಂದು ಹೊಳೆದಾಗ ನನಗೆ ಕುಡಿದಷ್ಟು ಸಂತೋಷವಾಯಿತು.

ಅಳಿಯ ಆಡುವ ರೀತಿಯನ್ನು ಮಾಸ್ತರರಿಗೆ ಹೇಳಿದೆ. ಪ್ಯಾದೆ ಒಂದೇ ಮನೆ. ರಾಜನಿಗೆ ಆನೆಯ ಜೊತೆ ಕಿಲ್ಲೆ ಕಟ್ಟುವುದಿಲ್ಲ. ಅದರ ಬದಲು ಆಟದಲ್ಲಿ ಒಂದೇ ಒಂದು ಸಲ ರಾಜ ಕುದುರೆಯ ಹಾಗೆ ಜಿಗಿಯಬಹುದು, ಅದೂ ಶಹಾ ಬೀಳುವ ಮೊದಲು. ಮಾಸ್ತರರು ಸೀಟಿ ಬಾಯಿಗಿಟ್ಟುಕೊಳ್ಳುವುದೊಂದು ಬಾಕಿ.

“ನಿಮ್ಮ ಅಳಿಯ ಇನ್ನೂ ಪೇಶ್ವೆ ಕಾಲದಾಗ ಅದಾನೇನ್ರಿ? ರಾಜ ಜಿಗೀತಾನಂತ! ಅದೆಲ್ಲಾ ನನ್ನ ಹಲಿಗಿ ಮ್ಯಾಲ ನಡಿಯೂದಿಲ್ಲ. ಇಲ್ಲಿ ಕಿಲ್ಲೆ ಕಟ್ರಿ.”

ಹಾಗಾಗಿ ಅವರ ಹತ್ತಿರ ಅವರ ನಿಯಮದಂತೆಯೇ ಅಭ್ಯಾಸವಾಯಿತು. ಪ್ಯಾದೆ, ಒಂಟೆ, ಬಾಗಿಲು, ಕುದುರೆ, ಕೊನೆಗೆ ರಾಜನನ್ನು ಎರಡು ಮನೆ ಸರಿಸಿ ಆನೆಯನ್ನು ಆಚೆ ದಾಟಿಸುವುದು. ಮೂಡಲಗಿಯ ಮನೆಯಲ್ಲೂ ಒಬ್ಬನೇ ಕೂತು ಅದನ್ನೇ ಮಾಡಿದೆ. ಪಡಸಾಲೆಯ ಫರಸಿ ಕಲ್ಲಿನ ಮೇಲೆ ಬೆರಳಿನಿಂದಲೇ ಮಾಡಿದೆ. ಕೆಲವು ದಿನ ಬೆಳಿಗ್ಗೆ ಎದ್ದ ಕೂಡಲೇ ಸಾರಾಯಿ ಅಂಗಡಿಯ ಕಡೆ ಕಾಲು ತಿರುಗುತ್ತಿದ್ದವು. ಆಗೆಲ್ಲ ಗೋಡೆ ಹಿಡಿದು ಕೂತು, ಮೊದಲು ಒಂಟೆ ಹೊರಗೆ, ಆಮೇಲೆ ಬಾಗಿಲು ಎಂದು ಅಂದುಕೊಳ್ಳುತ್ತಿದ್ದೆ. ಅದರಲ್ಲಿ ಭಕ್ತಿ ಏನೂ ಇರಲಿಲ್ಲ. ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ, ಅಷ್ಟೇ.

ಮುಂದೆ ಒಂದು ರವಿವಾರ ಹುಕ್ಕೇರಿಯಲ್ಲಿ ಅಳಿಯ ಎಂದಿನಂತೆ ಮೇಲೆ ಬಿದ್ದ. ನಾನು ಎದುರು ನುಗ್ಗಲಿಲ್ಲ. ಒಂದು ಮನೆ, ಒಂದು ಮನೆ. ಒಂಟೆ ಹೊರಗೆ ಬಂತು, ಬಾಗಿಲು ಬಿತ್ತು.

“ಏನ್ರಿ ಮಾಮಾ, ಇವತ್ತ ಆಮಿ ಆಗೀರಲ್ಲ!”

“ವಯಸ್ಸಾತು ಅಳಿಯಾ.”

“ವಯಸ್ಸು ಕಲ್ಲೋಳ್ಯಾಗ ಎಲ್ಲಿ ಹೋಗಿತ್ರಿ?”

ನಾನು ತಲೆ ತಗ್ಗಿಸಿ ಕುದುರೆ ಆಡಿದೆ. ಅವನು ಕುದುರೆಗಳನ್ನು ತಂದ, ಒಂಟೆಗಳನ್ನು ತಂದ. ಎಲ್ಲೂ ಒಳಗೆ ಬರಲು ಜಾಗ ಸಿಗಲಿಲ್ಲ. ಅವನು ಮೀಸೆ ಕಡಿಯತೊಡಗಿದ. ಹಿತ್ತಲಲ್ಲಿ ಕುರಿ ಒದರಿದವು. ಅವನು ಏಳಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಒಳಗಿನಿಂದ ಶುಂಠಿ ಜಜ್ಜುವ ಸಪ್ಪಳ ಕೇಳಿತು. ಆಮೇಲೆ ಚಹಾದ ವಾಸನೆ ಬಂತು.

ಆ ವಾಸನೆಗೆ ನನ್ನ ತಲೆ ಕೆಟ್ಟಿತು. ಈಗ ಬರುತ್ತಾಳೆ. ಬಂದಾಗ ಎದ್ದು ನಿಲ್ಲಲೇ, ಕೂತೇ ಹೇಳಲೇ, ಕಾಲು ಹಿಡಿದರೆ ತಮ್ಮನ ಮುಂದೆ ಅವಳಿಗೆ ಮುಜುಗರವೇ. ಯೋಚನೆ ಅಲ್ಲಿತ್ತು, ಕೈ ತನ್ನಷ್ಟಕ್ಕೆ ತಾನು ಗೋಕಾಕದ ಕಟ್ಟೆಯ ಮೇಲೆ ಆಡಿತು. ರಾಜನನ್ನು ಎತ್ತಿ ಎರಡು ಮನೆ ಆಚೆ ಇಟ್ಟೆ, ಆನೆಯನ್ನು ಅವನ ಮೇಲಿಂದ ದಾಟಿಸಿ ಈಚೆ ಇಟ್ಟೆ.

ಅಳಿಯ ಹಲಗೆ ನೋಡಿದ. ನನ್ನನ್ನು ನೋಡಿದ. “ಇದ್ಯಾವ ಊರ ಆಟರಿ?”

“ಕಿಲ್ಲೆ. ಎಲ್ಲಾ ಕಡೆ ಹಿಂಗ ಆಡ್ತಾರ,” ಅಂದೆ. ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಆ ಶಬ್ದ ನನ್ನ ಬಾಯಿಗೆ ಆಗಲೂ ಸರಾಗವಾಗಿ ಬರುತ್ತಿರಲಿಲ್ಲ.

“ನಿಮ್ಮ ಎಲ್ಲಾ ಕಡಿಯೊಳಗ ನನ್ನ ಮನಿ ಬರೂದಿಲ್ರಿ. ಎರಡೆರಡು ಕಾಯಿ ಒಂದ ಸಲ ಆಡೂದಂದ್ರೇನು? ನಮ್ಮಪ್ಪ ಇದ್ದಿದ್ರ ಹಲಿಗಿ ಮಗಚ್ತಿದ್ದ.” ಅವನು ಒಳಕ್ಕೆ ಕೂಗಿದ, “ಅಕ್ಕಾ! ಏ ಅಕ್ಕಾ, ಬಾ ಇಲ್ಲಿ. ನೀ ಹೇಳು, ಇದು ನಡೀತೈತೇನು?”

ಅವಳು ಬಂದಳು. ಕೈಯಲ್ಲಿ ಚಹಾ ಇರಲಿಲ್ಲ, ಇಕ್ಕಳ ಇತ್ತು. ಕಲ್ಲೋಳಿಯ ನಂತರ ನಾನು ಅವಳನ್ನು ಕಂಡದ್ದು ಆಗಲೇ. ಸೊರಗಿರಲಿಲ್ಲ. ನಾನಿಲ್ಲದೆ ಸೊರಗಿರುತ್ತಾಳೆಂದು ಆಸೆಪಟ್ಟಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅವಳು ನನ್ನ ಮುಖ ನೋಡಲಿಲ್ಲ. ಬಗ್ಗಿ ಹಲಗೆ ನೋಡಿದಳು, ಬಹಳ ಹೊತ್ತು ನೋಡಿದಳು. ಒಂಟೆ ಹೊರಗಿದ್ದದ್ದನ್ನೂ, ಬಾಗಿಲು ಬಿದ್ದದ್ದನ್ನೂ ಓದಿಕೊಂಡಳು ಎಂದು ನನಗೆ ಗೊತ್ತಾಯಿತು.

“ತಪ್ಪ ಜಿಗತ ಐತಿ,” ಅಂದಳು ತಮ್ಮನಿಗೆ. “ತಪ್ಪ ಜಿಗದ್ರ ಜಿಗತದ ಹಕ್ಕು ಹೋತು. ರಾಜನ್ನ ಮುಟ್ಯಾರ, ರಾಜನ್ನ ಸರಸಬೇಕು. ಒಂದ ಮನಿ. ಆನಿ ಮೊದ್ಲಿನ ಜಾಗಾಕ ಇಡ್ಲಿ.”

ನಾನು ಆನೆಯನ್ನು ಮೂಲೆಗೆ ಇಟ್ಟೆ. ರಾಜನನ್ನು ಒಂದು ಮನೆ ಸರಿಸಿದೆ. ಆನೆ ಅಲ್ಲಿಯೇ ಸಿಕ್ಕಿಬಿತ್ತು. ಅವಳು ಒಳಗೆ ತಿರುಗಿದಳು. ಇಷ್ಟು ರವಿವಾರ ಕಾದದ್ದು ಒಳಗೆ ಹೋಗುತ್ತಿದೆ ಎಂದು ಕಂಡಾಗ ನಾನು ಕೂತಲ್ಲಿಂದಲೇ ಹೇಳಿಬಿಟ್ಟೆ. ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ.

“ದೋಷ ನಂದಿತ್ತು ಅಳಿಯಾ. ಮಕ್ಕಳಾಗಲಿಲ್ಲ ಅಂದ್ರ ಅದು ನನ್ನಿಂದ. ಡಾಕ್ಟರ್ ಆವಾಗ ಹೇಳಿದ್ರು. ಆಕಿ ತನ್ನ ಮ್ಯಾಲ ಹೊತಗೊಂಡ್ಳು. ನಾ ಸುಮ್ನ ಕೂತೆ. ಆಮ್ಯಾಲ ನಾನ ಆಕೀಗಿ ಅಂದೆ.”

ಅಳಿಯನ ಬೆರಳಲ್ಲಿ ಬಿಳಿ ಕುದುರೆ ಇತ್ತು. “ಖರೇನ ಅಕ್ಕಾ?” ಅಂದ. ಅವಳು ಇಕ್ಕಳವನ್ನು ಕೈ ಬದಲಿಸಿ ಹಿಡಿದಳು. ಅವನೇ ಅಂದ, “ನನಗೂ ಹೇಳಲಿಲ್ಲಲ್ಲ ನೀ.”

“ನಿನಗ ಹೇಳಿದ್ರ ಸುಮ್ನ ಇರ್ತಿದ್ದೇನು? ಊರಿಗೆಲ್ಲಾ ಹಲಗಿ ಬಾರಿಸ್ತಿದ್ದಿ.” ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟು ಇದ್ದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅವಳು ತರಕಾರಿ ದರ ಹೇಳುವ ಹಾಗೆ ಹೇಳಿದಳು, “ಇದನ್ನ ಇಲ್ಲಿ ಯಾಕ ಹೇಳ್ತೀರಿ? ಈ ಮನ್ಯಾಗ ನನಗ ಯಾರೂ ಬಂಜಿ ಅಂದಿಲ್ಲ. ಅಂದದ್ದು ಕಲ್ಲೋಳ್ಯಾಗ.”

ಚಹಾ ಬರಲಿಲ್ಲ. ಅಳಿಯ ಆಟ ಮುಂದುವರಿಸಿ ನನ್ನನ್ನು ಸೋಲಿಸಿದ. ಗೋಕಾಕ ಬಸ್ಸಿನ ಮಾತು ಎತ್ತಲಿಲ್ಲ.

ಕಲ್ಲೋಳಿಗೆ ಹೋಗಲು ನನಗೆ ಧೈರ್ಯ ಸಾಲಲಿಲ್ಲ. ಒಂದು ಸಲ ಹೋಗಿ ಬಸ್‌ಸ್ಟ್ಯಾಂಡಿನಿಂದಲೇ ಹಿಂದೆ ಬಂದೆ. ಇನ್ನೊಂದು ಸಲ ಒಂದೇ ಒಂದು ಗುಟುಕು ಕುಡಿದರೆ ಹೇಳಬಲ್ಲೆ ಅನ್ನಿಸಿತು. ಅಂಗಡಿಯ ಬಾಗಿಲವರೆಗೆ ಹೋದೆ. ಅಲ್ಲಿ ನಿಂತು ನನ್ನ ಮೇಲೆ ನನಗೆ ಹೇಸಿಕೆ ಬಂತು, ಸೀದಾ ಬಸ್ಸು ಹತ್ತಿದೆ.

ಚಿಕ್ಕಪ್ಪನ ಮಗನ ಅಂಗಳದಲ್ಲಿ ಗಂಡಸರು ಮೇವು ಕತ್ತರಿಸುತ್ತ ಮಾತಾಡುತ್ತಿದ್ದರು. ಕಟ್ಟೆಯ ಮೇಲೆ ಚಿಕ್ಕಮ್ಮ ಕೂತಿದ್ದಳು. ನಾನು ಚಪ್ಪಲಿ ಬಿಟ್ಟು ಕೈ ಮುಗಿದು ಹೇಳಿದೆ. ಅಂದು ನಾನು ಅಂದದ್ದು ಸುಳ್ಳು, ದೋಷ ಅವಳದಲ್ಲ, ನನ್ನದು ಎಂದು.

ಮೊದಲು ನಗು. “ಮಧ್ಯಾಹ್ನದಾಗ ಸುರು ಮಾಡ್ಯಾರ ಇವತ್ತ,” ಒಬ್ಬನೆಂದ. “ಅಣ್ಣಾ, ಕೂಡ್ರು, ನೀರ ಕುಡಿ,” ಅಂದ ಚಿಕ್ಕಪ್ಪನ ಮಗ. ನಾನು ಕುಡಿದಿಲ್ಲ ಅಂದೆ. “ಕುಡದವ್ರೆಲ್ಲಾ ಹಂಗ ಅಂತಾರ,” ಎಂದು ಮತ್ತೊಬ್ಬ. ನಾನು ಅವನ ಹತ್ತಿರ ಹೋಗಿ ಮುಖದ ಮೇಲೆ ಊದಿದೆ. ಹೌದು, ಈ ವಯಸ್ಸಿನಲ್ಲಿ, ಮೇವಿನ ಸಿವುಡಿನ ನಡುವೆ ನಿಂತು, ಬಾಯಿ ತೆರೆದು ಊದಿದೆ. ಅವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಆಮೇಲೆ ಕೈ ತೆಗೆದ. “ವಾಸನಿ ಇಲ್ಲ,” ಅಂದ. “ಆದ್ರೂ ಗಂಡಸಾದವ ತನ್ನ ಬಾಯಿಲೆ ಹಿಂಗ ಹೇಳ್ಕೋತಾನೇನು? ತಲಿ ಕೆಟ್ಟಿರಬೇಕು.”

ಚಿಕ್ಕಮ್ಮ ಒಂದೇ ಮಾತು ಕೇಳಿದಳು. “ಆಕೀಗಿ ಮೊದಲಿಂದ ಗೊತ್ತಿತ್ತೇನೋ?”

“ಗೊತ್ತಿತ್ತ ಚಿಗವ್ವಾ.”

“ನಾ ಒದ್ದಿ ಸೀರಿಯೊಳಗ ತಿರಗಸಿದಾಗೂ?”

“ಗೊತ್ತಿತ್ತು.”

ಚಿಕ್ಕಮ್ಮ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಗಂಡಸರು ಮತ್ತೆ ಮೇವು ಕತ್ತರಿಸತೊಡಗಿದರು.

ಮುಂದಿನ ರವಿವಾರ ಹುಕ್ಕೇರಿಯಲ್ಲಿ ಅಳಿಯ ಹಲಗೆ ಹಾಸಲಿಲ್ಲ. ಕೂಡ್ರಿ ಅಂದ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಡೆದಿತ್ತು.

“ಕಲ್ಲೋಳಿಗಿ ಹೋಗಿದ್ರೇನ್ರಿ ಮಾಮಾ?”

“ಹೋಗಿದ್ದೆ.”

“ಏನಂದ್ರು?”

“ಚಿಗವ್ವ ನಂಬಿದ್ಳು. ಉಳದವ್ರು ಕೆಲವ್ರು ಕುಡದಾನ ಅಂದ್ರು, ಕೆಲವ್ರು ತಲಿ ಕೆಟ್ಟೈತಿ ಅಂದ್ರು.”

ರೊಟ್ಟಿಯ ಸಪ್ಪಳ ನಿಂತಿತು. ಒಳಗಿನಿಂದ ಅವಳ ದನಿ ಬಂತು, ನನಗಲ್ಲ, ತಮ್ಮನಿಗೆ. “ನಂಬಲಾರದವ್ರಿಗಿ ಇನ್ನೊಮ್ಮೆ ಹೇಳ್ರಿ ಅನ್ನು. ಅವತ್ತ ಜಮಖಾನಿ ಮ್ಯಾಲ ತುಕ್ಕಾನಟ್ಟಿಯವ್ರೂ ಇದ್ರು, ಕುಲಗೋಡದವ್ರೂ ಇದ್ರು. ಅವ್ರಿಗೆ ಹೇಳ್ಯಾರೇನು ಕೇಳು.”

ಹೇಳಿರಲಿಲ್ಲ.

ಆಮೇಲೆ ತುಕ್ಕಾನಟ್ಟಿಗೆ ಹೋದೆ. ಒಬ್ಬರು ಕೇಳಿಸಿಕೊಂಡರು, ಒಬ್ಬರು ಹೊಲಕ್ಕೆ ಹೋಗುವುದಿದೆ ಎಂದು ಎದ್ದರು. ಕುಲಗೋಡದಲ್ಲಿ ಆ ದಿನ ಬಂದಿದ್ದ ಇಬ್ಬರು ತೀರಿಕೊಂಡಿದ್ದಾರೆ ಎಂದರು. ಅವರು ನನ್ನ ಮಾತನ್ನೇ ನಿಜವೆಂದು ತಿಳಿದು ಹೋದರು. ಅದನ್ನು ಸರಿಮಾಡುವ ದಾರಿ ನನಗೆ ಗೊತ್ತಿಲ್ಲ. ಉಳಿದವರೆಲ್ಲರ ಮನೆ ನನಗೆ ತಿಳಿಯದು, ತಿಳಿದರೂ ಹೋಗಿ ಬರುವಷ್ಟು ಕಾಲಲ್ಲಿ ಶಕ್ತಿ ಇಲ್ಲ. ಅದಕ್ಕೇ ಬರೆಯಲು ಕೂತೆ. ಕಲ್ಲೋಳಿಯ ಆ ಕಾರ್ಯಕ್ಕೆ ಬಂದಿದ್ದವರು ಯಾರಾದರೂ ಇದನ್ನು ಓದಿದರೆ, ಓದಲು ಬಾರದವರಿಗೆ ದಯವಿಟ್ಟು ಓದಿ ಹೇಳಿ. ನಮಗೆ ಮಕ್ಕಳಾಗದಿದ್ದುದು ನನ್ನಿಂದ. ನನ್ನ ಹೆಂಡತಿಗೆ ಅದು ಮೊದಲಿನಿಂದ ಗೊತ್ತಿತ್ತು. ಇದನ್ನು ಬರೆಯುವಾಗ ನಾನು ಕುಡಿದಿಲ್ಲ.